ಹಾಲುಮನೆಯಲ್ಲಿ ಮಲಗಿದ್ದ ಕಾರು

ಇಲ್ಮಾರಿ ಸೂತಾರಿ ಸೈಮಿಯ ಅಡುಗೆಮನೆಗೆ ಬಂದು ಕುಳಿತಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಅಂಗಳದಲ್ಲಿ ಉಳಿದ ಹಿಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೂರಿನಿಂದ ನೀರು ತೊಟ್ಟಿಕ್ಕುವುದು ಬೆಳಗಿನಿಂದ ನಿಂತಿರಲಿಲ್ಲ. ಅವನು ಟೋಪಿ ತೆಗೆಯಲಿಲ್ಲ. ಸೈಮಿ ಕಾಫಿ ಬಗ್ಗಿಸಿ ಮುಂದಿಟ್ಟಳು, ಅದನ್ನೂ ಮುಟ್ಟಲಿಲ್ಲ.

“ಅರ್ವಿನ ಕರ್ಕೊಂಡು ಹೋದ್ರು,” ಅಂದ. “ಲೆಂಪಿನ ಗುದ್ದಿ ಕೊಂದೋನು ಅವ್ನೇ ಅಂತೆ.”

“ಯಾರಂದ್ರು?”

“ಪೊಲೀಸ್ನೋರು. ಊರೋರೂ ಅದ್ನೇ ಅಂತಾರೆ. ನೀನು ಒಂದ್ಸಲ ಬಂದು ನೋಡಕ್ಕ. ಅರ್ವಿ ಒರಟ, ಒಪ್ಕೋತೀನಿ. ಆದ್ರೆ ಗುದ್ದಿ ಓಡಿಹೋಗೋ ಜಾತಿಯಲ್ಲ.”

ಸೈಮಿ ರೌಟಿಯೊ ಜಿಲ್ಲಾ ಪೊಲೀಸರ ಪತ್ತೆ ಕೆಲಸದಲ್ಲಿ ಪ್ರಾಯವನ್ನೆಲ್ಲ ಸವೆಸಿ, ನಿವೃತ್ತಳಾದ ಮೇಲೆ ನಮ್ಮ ಪೆಲ್ತೊಲಾ ಊರಿಗೆ ಬಂದು ನೆಲೆಸಿದ್ದಳು. ಮೀನು ಹಿಡಿದುಕೊಂಡು ಸುಮ್ಮನಿರೋಣ ಎಂದು ಬಂದವಳನ್ನು ಊರು ಸುಮ್ಮನಿರಲು ಬಿಡಲಿಲ್ಲ. ಕಳೆದುಹೋದ ದೋಣಿ, ಸುಟ್ಟುಹೋದ ಸೌನಾ ಸ್ನಾನದಮನೆ, ಎಲ್ಲವೂ ಅವಳ ಅಡುಗೆಮನೆಗೇ ಬರುತ್ತಿದ್ದವು. ಕಣ್ಣಿಗೆ ಪೊರೆ ಬಂದ ಮೇಲೆ ಅವಳನ್ನು ಕಾರಿನಲ್ಲಿ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಿತ್ತು. ನಾನು ತೌನೊ, ಊರ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಆ ಚಳಿಗಾಲದಲ್ಲಿ ಮದುವೆಗಿಂತ ಶವಸಂಸ್ಕಾರಕ್ಕೇ ಹೆಚ್ಚು ನುಡಿಸಿ ನನ್ನ ಬೆರಳುಗಳೂ ದಣಿದಿದ್ದವು.

ಲೆಂಪಿಯ ಶವಸಂಸ್ಕಾರಕ್ಕೂ ನುಡಿಸಿದ್ದೆ. ಅವಳು ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವಳು, ನನ್ನ ಹಾಡುಗಾರರ ಗುಂಪಿನವಳು. ಜನವರಿಯ ಕಡುಚಳಿಯಲ್ಲಿ ಒಂದು ದಿನ ಹಿಮದ ಭಾರಕ್ಕೆ ಎಲ್ಲೋ ತಂತಿ ಹರಿದು ಮಧ್ಯಾಹ್ನವೇ ಇಡೀ ಊರಿನ ಕರೆಂಟು ಹೋಯಿತು. ಸಂಜೆಯ ಅಭ್ಯಾಸದ ಹೊತ್ತಿಗೂ ಬರಲಿಲ್ಲ. ಕರೆಂಟಿಲ್ಲದೆ ಆರ್ಗನ್ನಿಗೆ ಉಸಿರಿಲ್ಲ. ಬಂದವರೇ ನಾಲ್ಕಾರು ಜನ, ಅದೂ ನಡೆದುಕೊಂಡು. ಅವರನ್ನೆಲ್ಲ ಮನೆಗೆ ಕಳಿಸಿದೆ. ಲೆಂಪಿ ಉದ್ದ ಕಬ್ಬಿಣದ ಪಟ್ಟಿಗಳ ಮೇಲೆ ಕೂರಿಸಿದ ತನ್ನ ಜಾರುಕುರ್ಚಿಯ ಹಿಂದೆ ನಿಂತು, ಕಾಲಿನಿಂದ ಹಿಮವನ್ನು ಒದ್ದು, ಕತ್ತಲಲ್ಲಿ ಸರ್ರನೆ ಜಾರಿ ಹೋದಳು. ಮರುದಿನ ಬೆಳಿಗ್ಗೆ ಪಟ್ಟಣದ ರಸ್ತೆಯ ಬದಿಯಲ್ಲಿ ಅವಳ ಹೆಣ ಸಿಕ್ಕಿತು. ಯಾವುದೋ ವಾಹನ ಹಿಂದಿನಿಂದ ಗುದ್ದಿತ್ತು. ವಿಚಿತ್ರವೆಂದರೆ ಜಾರುಕುರ್ಚಿಯನ್ನು ಯಾರೋ ಎತ್ತಿ ಹಿಮದಲ್ಲಿ ನೆಟ್ಟಗೆ ನಿಲ್ಲಿಸಿದ್ದರು. ಅವಳದೇ ಶಾಲನ್ನು ಅವಳ ಮುಖದ ಮೇಲೆ ಹೊದಿಸಿದ್ದರು. ಹತ್ತಿರದಲ್ಲಿ ದೀಪದ ಗಾಜಿನ ಚೂರುಗಳು ಬಿದ್ದಿದ್ದವು. ದಪ್ಪ ಗಾಜು, ಗೀರುಗೀರಾದದ್ದು. ಈಗಿನ ಯಾವ ಕಾರಿಗೂ ಅದು ಹೊಂದಲಿಲ್ಲ. ಪೊಲೀಸರು ಚೂರುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಸುಮ್ಮನಾಗಿದ್ದರು.

“ಆ ಗಾಜಿನ ಚೂರು ಈಗ ಹೊಂದ್ತು,” ಎಂದ ಇಲ್ಮಾರಿ. “ಮೇ ಒಂದನೇ ತಾರೀಕಿನ ವಾಪ್ಪು ಹಬ್ಬಕ್ಕೆ ಗಾಡಿ ಹೊರಗೆ ತೆಗೆಯೋಣ ಅಂತ ಮೊನ್ನೆ ಹಾಲುಮನೆ ಬಾಗಿಲು ತೆಗೆದ್ವಿ. ಅರ್ವಿ ತನ್ನ ಹಳೇ ಪೊಬೇಡಾ ಕಾರಿನ ಹೊದಿಕೆ ಎಳೆದ. ಎಡಗಡೆ ದೀಪ ಒಡೆದೋಗಿತ್ತು, ಮಡ್ಗಾರ್ಡು ನೆಗ್ಗಿತ್ತು. ಅವನೇ ಪೊಲೀಸ್ಗೆ ಫೋನ್ ಮಾಡಿದ, ಯಾರೋ ನನ್ನ ಗಾಡಿ ಹಾಳ್ ಮಾಡವ್ರೆ ಅಂತ. ಅವ್ರು ಬಂದು ಅವನ್ನೇ ಎತ್ತಾಕ್ಕೊಂಡು ಹೋದ್ರು.”

ಹಾಲುಮನೆ ಎಂದರೆ ಹಿಂದೆ ಊರಿನ ಹಾಲು ಕೂಡಿಸುತ್ತಿದ್ದ ಕಲ್ಲಿನ ಕಟ್ಟಡ. ಗುಡ್ಡಕ್ಕೆ ಬೆನ್ನುಕೊಟ್ಟು ಅರ್ಧ ಮಣ್ಣಿನೊಳಗೆ ಹುದುಗಿದೆ. ಹೊರಗೆ ಮರಗಳು ಸಿಡಿಯುವಂಥ ಚಳಿಯಿದ್ದರೂ ಒಳಗೆ ಬಕೆಟ್ಟಿನ ನೀರು ತೆಳ್ಳಗೆ ಕೆನೆಗಟ್ಟುವುದಷ್ಟೇ. ಅದು ಇಲ್ಮಾರಿಯ ಜಮೀನಿನಲ್ಲಿ, ಅವನ ಮನೆಯ ಪಕ್ಕದಲ್ಲೇ ಇತ್ತು. ಚಳಿಗಾಲದಲ್ಲಿ ಎರಡು ಹಳೆಯ ಕಾರುಗಳು ಅಲ್ಲಿ ಮಲಗುತ್ತಿದ್ದವು. ಒಂದು ಅರ್ವಿ ಕೆತ್ತುನೆನ್‌ನ ಕಪ್ಪು ಪೊಬೇಡಾ, ಅವನ ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದದ್ದು. ಇನ್ನೊಂದು ನಿವೃತ್ತ ಹೆಡ್‌ಮೇಷ್ಟ್ರು ಪೌಲಿ ರಂತಾಲನ ಹಳೆಯ ವೋಲ್ವೊ. ಬೀಗದ ಕೈ ಮೂವರ ಹತ್ತಿರವೂ ಇತ್ತು.

“ಲೆಂಪಿ ಸತ್ತ ಸಂಜೆ ನೀನೆಲ್ಲಿದ್ದೆ?” ಸೈಮಿ ಕೇಳಿದಳು.

“ಸಾಯ್ತಾ ಇದ್ದೆ,” ಎಂದ ಇಲ್ಮಾರಿ, ತಮಾಷೆಯಿಲ್ಲದೆ. “ಅವತ್ತೇ ನನ್ನ ಎದೆ ಹಿಡ್ಕೊಂಡಿದ್ದು, ಗೊತ್ತಲ್ಲ ನಿಂಗೆ. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು, ತುಂಬಾ ಹೊತ್ತಾಗುತ್ತೆ ಅಂದ್ರು. ಮೇಷ್ಟ್ರಿಗೆ ಫೋನ್ ಮಾಡ್ದೆ. ಓಡಿ ಬಂದ್ರು ಪುಣ್ಯಾತ್ಮ. ಅವ್ರ ಕಾರಲ್ಲಿ ಹಾಕ್ಕೊಂಡು ಪಟ್ಟಣಕ್ಕೆ ಮುಟ್ಟಿಸಿದ್ರು. ಇಲ್ದಿದ್ರೆ ತೌನೊ ನಂಗೂ ಆರ್ಗನ್ ಬಾರಿಸ್ತಿದ್ದ.”

“ದಾರಿಯದ್ದು ಏನಾದ್ರೂ ನೆನಪಿದ್ಯಾ?”

ಅವನು ಸ್ವಲ್ಪ ನಾಚಿಕೊಂಡ. “ನಗ್ಬೇಡ. ಕತ್ತಲು ಬಿಟ್ರೆ ಒಂದೇ ನೆನಪು. ಪೆಪ್ಪರ್‌ಮಿಂಟ್ ವಾಸನೆ. ಚಿಕ್ಕೋನಿದ್ದಾಗ ಅಮ್ಮ ಚರ್ಚಲ್ಲಿ ನಮ್ಮ ಬಾಯಿಗೆ ಒಂದೊಂದು ಹಾಕೋಳು, ಮಾತಾಡ್ದೆ ಇರ್ಲಿ ಅಂತ. ಅಮ್ಮನೇ ಕರ್ಕೊಂಡೋಗೋಕೆ ಬಂದಿದ್ದಾಳೆ ಅನ್ಕೊಂಡೆ.”

ಸೈಮಿ ನಗಲಿಲ್ಲ. ಎದ್ದು ಕೋಟು ಹಾಕಿಕೊಂಡಳು.

ಹಾಲುಮನೆಯಲ್ಲಿ ಪಟ್ಟಣದ ಪೊಲೀಸ್ ಅಧಿಕಾರಿ ಲೆಹ್ತೊ ನಮಗಾಗಿ ಕಾದಿದ್ದ. ಹಿಂದೆ ಸೈಮಿಯ ಕೈಕೆಳಗೆ ಕೆಲಸ ಕಲಿತವನು, ಅವಳಿಗೆ ಇಲ್ಲ ಎನ್ನುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ. ಪೌಲಿಯ ವೋಲ್ವೊ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಕೂತಿತ್ತು. ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದರ ಪಕ್ಕದಲ್ಲಿ ಒಂದು ಕಣ್ಣು ಕಳೆದುಕೊಂಡ ಪೊಬೇಡಾ ನಿಂತಿತ್ತು.

“ಬ್ಯಾಟರಿ ಎಲ್ಲಿ?” ಎಂದಳು ಸೈಮಿ.

“ಅರ್ವಿ ಮನೆ ಒಲೆ ಪಕ್ಕ. ಪ್ರತಿ ಚಳಿಗಾಲನೂ ಬಿಚ್ಚಿ ತಗೊಂಡೋಗ್ತಾನಂತೆ,” ಎಂದ ಲೆಹ್ತೊ. “ಅದಕ್ಕೇ ಹೇಳ್ತಿರೋದು. ಬ್ಯಾಟರಿ ಇದ್ದೋನು ತಾನೇ ಓಡಿಸೋಕೆ ಸಾಧ್ಯ?”

ಸೈಮಿ ಬಾನೆಟ್ಟು ಎತ್ತಿಸಿ ಬಗ್ಗಿದಳು. ಅವಳ ಮೂಗು ತಂತಿಗಳಿಗೆ ತಾಗುವಷ್ಟು ಹತ್ತಿರವಿತ್ತು. ಆಮೇಲೆ ನನ್ನನ್ನು ಕರೆದು, “ಏನು ಕಾಣುತ್ತೆ ಹೇಳು,” ಅಂದಳು. ಬ್ಯಾಟರಿಯ ಕೊಂಬುಗಳನ್ನು, ಅಂದರೆ ಟರ್ಮಿನಲ್‌ಗಳನ್ನು, ಹಿಡಿಯುವ ಎರಡು ಹಿತ್ತಾಳೆ ಬಳೆಗಳಿದ್ದವು. ಸುತ್ತಲೂ ವ್ಯಾಸಲೀನ್ ಸವರಿತ್ತು, ಒಳಮೈಯಲ್ಲಿ ಮಾತ್ರ ಒರೆಸಿಹೋಗಿತ್ತು. ಒಂದು ಬಳೆಯೊಳಗೆ ಬೆಳ್ಳಿಬಣ್ಣದ ತಗಡುಕಾಗದದ ಚೂರು ಮಡಚಿಕೊಂಡು ಅಂಟಿತ್ತು. ಕಾಫಿಪುಡಿಯ ಪೊಟ್ಟಣದ ಒಳಗೆ ಇರುತ್ತದಲ್ಲ, ಅದು.

ಅವಳು ಗೋಡೆಯ ಗೂಡಿನತ್ತ ನೋಡಿದಳು. ಅಲ್ಲೊಂದು ಚಿಕ್ಕ ಬ್ಯಾಟರಿ ಇತ್ತು. “ಇದು ಯಾರದ್ದು?”

“ನಂದೇ,” ಎಂದ ಇಲ್ಮಾರಿ. “ದನದ ಬೇಲಿಗೆ ಕರೆಂಟು ಕೊಡೋದು. ಚಳಿಗಾಲದಲ್ಲಿ ಇಲ್ಲೇ ಬಿದ್ದಿರುತ್ತೆ. ಶರತ್ಕಾಲದಲ್ಲಿ ತುಂಬಿಸಿಟ್ಟಿದ್ದೆ, ಈಗ ನೋಡಿದ್ರೆ ಸತ್ತೋಗಿದೆ.”

ಅದರ ಕೊಂಬುಗಳು ನನ್ನ ಕಿರುಬೆರಳಿಗಿಂತ ಸಣ್ಣಗಿದ್ದವು. ಸೈಮಿ ಒಂದನ್ನು ಮುಟ್ಟಿ ನೋಡಿದಳು. ಆಮೇಲೆ ಕಾರಿನ ಮುಂಭಾಗಕ್ಕೆ ಹೋದಳು. ಕೈಯಿಂದ ತಿರುಗಿಸಿ ಎಂಜಿನ್ ಎಬ್ಬಿಸುವ ಕಬ್ಬಿಣದ ಹಿಡಿಕೆಯನ್ನು ತೂರಿಸುವ ತೂತು ಅಲ್ಲಿತ್ತು. ಅದರ ಅಂಚಿನಲ್ಲಿ ಹೊಸ ಗೀರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಉಳಿದದ್ದೆಲ್ಲ ಅಚ್ಚುಕಟ್ಟಾಗಿತ್ತು. ಹೊಗೆಕೊಳವೆಯ ಬಾಯಿಗೆ ಬಟ್ಟೆಯ ಬಿರಡೆ ಇತ್ತು, ಚಕ್ರಗಳಿಗೆ ಮರದ ತುಂಡುಗಳ ಅಡೆ ಇತ್ತು, ಕೈಬ್ರೇಕು ಸಡಿಲವಾಗಿತ್ತು, ಕಿಟಕಿ ಬೆರಳಿನಷ್ಟು ತೆರೆದಿತ್ತು. ಹಿಂದಿನ ಸೀಟಿನ ಕೆಳಗಿಂದ ಅವಳು ಒಂದು ಬಟ್ಟೆಯ ಗಂಟು ತೆಗೆದಳು. ಇಲಿ ಬರದಿರಲೆಂದು ಅರ್ವಿ ಎಣ್ಣೆಯಲ್ಲಿ ನೆನೆಸಿಟ್ಟದ್ದು. ಮೂಗಿಗೆ ಹಿಡಿದು ನನಗೆ ಕೊಟ್ಟಳು. ಘಾಟು ಇನ್ನೂ ಪೂರ್ತಿ ಆರಿರಲಿಲ್ಲ. ಪೆಪ್ಪರ್‌ಮಿಂಟಿನ ಘಾಟು.

ನಾನು ಬಾಯಿ ತೆರೆಯಹೊರಟೆ. ಅವಳು ನನ್ನ ತೋಳನ್ನು ಮೆಲ್ಲಗೆ ಒತ್ತಿದಳು. ಇಲ್ಮಾರಿ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದ.

ಮರುದಿನ ಪಟ್ಟಣದ ಠಾಣೆಯಲ್ಲಿ ಅರ್ವಿಯನ್ನು ನೋಡಿದೆವು. ಗಡ್ಡ ಬೆಳೆದಿತ್ತು. ಕೊರಳ ಗುಂಡಿ ಹಾಕಿಕೊಳ್ಳುವ ಆಸೆಯೂ ಅವನಲ್ಲಿ ಉಳಿದಂತಿರಲಿಲ್ಲ. ಅವನ ಮೇಲೆ ಅನುಮಾನ ಬರಲು ಕಾರಿನಷ್ಟೇ ಆ ಶಾಲೂ ಕಾರಣವಾಗಿತ್ತು. ಪ್ರಾಯದಲ್ಲಿ ಅವನಿಗೂ ಲೆಂಪಿಗೂ ಮದುವೆ ಗೊತ್ತಾಗಿತ್ತು. ಅವನು ದುಡಿಯಲು ಸ್ವೀಡನ್ನಿಗೆ ಹೋದವನು ಬೇಗ ಬರುತ್ತೇನೆಂದು ಹೇಳಿ ಬಹಳ ತಡವಾಗಿ ಬಂದ. ಆಮೇಲೆ ಒಂದೇ ಊರಿನಲ್ಲಿದ್ದೂ ಇಬ್ಬರಿಗೂ ಮಾತಿರಲಿಲ್ಲ. ಕೊಂದು ಮುಖ ಮುಚ್ಚುವಷ್ಟು ಸಂಕಟ ಇನ್ಯಾರಿಗಿದ್ದೀತು ಎಂಬುದು ಊರಿನ ವಾದ.

“ಗಾಡಿನ ಹೇಗೆ ಮಲಗಿಸ್ತೀಯ, ಹೇಳು,” ಎಂದಳು ಸೈಮಿ.

“ಅದ್ಯಾಕೆ ಈಗ?”

“ಹೇಳೋ ಮಾರಾಯ. ಬೇರೇನೂ ಮಾತಾಡಲ್ಲ ಅಂತ ಲೆಹ್ತೊ ಗೋಳಾಡ್ತಿದ್ದಾನೆ. ಇದಾದ್ರೂ ಮಾತಾಡು.”

ಅವನು ಮಾತಾಡಿದ. ತೊಳೆದು, ಒಣಗಿಸಿ, ಮೇಣ ಹಚ್ಚುವುದು. ಎಂಜಿನ್ನಿಗೆ ಹೊಸ ಎಣ್ಣೆ ಹಾಕುವುದು. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸುವುದು, ಖಾಲಿ ಜಾಗ ಬಿಟ್ಟರೆ ಒಳಗೆ ನೀರು ಬೆವರುತ್ತದೆ. ಚಕ್ರಗಳಿಗೆ ಒಂದಿಷ್ಟು ಹೆಚ್ಚು ಗಾಳಿ. ಕೈಬ್ರೇಕು ಎಳೆಯಬಾರದು, ಎಳೆದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಕೀಲಿಯನ್ನು ಕಾರಿನಲ್ಲೇ ಬಿಡುವುದು, ಬೆಂಕಿ ಬಿದ್ದರೆ ಯಾರಾದರೂ ತಳ್ಳಿ ಹೊರಗೆ ತರಲಿ ಎಂದು. ಹೇಳುತ್ತ ಹೇಳುತ್ತ ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಹೆಂಡ್ತಿ ಇದ್ದಿದ್ರೆ ಇಷ್ಟು ನೋಡ್ಕೋತಿದ್ಯಾ?”

“ಇಷ್ಟು ನೋಡ್ಕೊಂಡಿದ್ರೆ ಹೆಂಡ್ತಿ ಇರ್ತಿದ್ಲು,” ಎಂದ ಅರ್ವಿ. ಆಮೇಲೆ ಮುಖ ಗೋಡೆಗೆ ತಿರುಗಿಸಿದ. “ಆ ಶಾಲು ಹೊದ್ಸಿದ್ದು ನಾನಲ್ಲ, ಸೈಮಿ. ನಾನಾಗಿದ್ರೆ ಅಲ್ಲೇ ಕೂತಿರ್ತಿದ್ದೆ.”

ಊರಿಗೆ ಮರಳಿ ಹಾಲುಮನೆಗೆ ಹೋದಾಗ ಸೈಮಿ ಒಂದು ಉದ್ದ ಕಡ್ಡಿಯನ್ನು ಪೊಬೇಡಾದ ಟ್ಯಾಂಕಿಗೆ ಇಳಿಸಿದಳು. ಪೆಟ್ರೋಲು ಕತ್ತಿನಿಂದ ಬಹಳ ಕೆಳಗಿತ್ತು.

ಕೊನೆಗೆ ಪೌಲಿ ರಂತಾಲನ ಮನೆಗೆ ಹೋದೆವು. ನನ್ನ ಗುಂಪಿನಲ್ಲಿ ತಗ್ಗುದನಿಯ ಹಾಡುಗಾರ ಅವನು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವನು. ಆ ಚಳಿಗಾಲದಲ್ಲಿ ತುಂಬ ಇಳಿದುಹೋಗಿದ್ದ. ಲೆಂಪಿಯ ಶವಪೆಟ್ಟಿಗೆ ಹೊರಲು ಅವನನ್ನೇ ಮೊದಲು ಕೇಳಿದ್ದೆವು. ಚಾವಣಿಯ ಹಿಮ ಎಳೆಯುವಾಗ ಬಿದ್ದು ಬಲ ಮಣಿಕಟ್ಟು ಮುರಿದಿದೆ ಎಂದು ಪ್ಲಾಸ್ಟರ್ ತೋರಿಸಿದ್ದ. ಈಗ ಪ್ಲಾಸ್ಟರ್ ಇರಲಿಲ್ಲ, ಆದರೂ ಕಾಫಿಯನ್ನು ಎಡಗೈಯಲ್ಲೇ ಬಗ್ಗಿಸಿದ. ಅಂಗಳದಲ್ಲಿ ಅವನ ಹೊಸ ಡೀಸೆಲ್ ಕಾರು ನಿಂತಿತ್ತು. ಜನವರಿಯಲ್ಲೇ ಪೊಲೀಸರು ಅದನ್ನು ಮೂಲೆಮೂಲೆ ನೋಡಿದ್ದರು. ಆ ಸಂಜೆ ಆ ರಸ್ತೆಯಲ್ಲಿ ಹೋದೆನೆಂದು ಅವನೇ ಹೇಳಿದ್ದನಲ್ಲ. ಒಂದು ಗೀರೂ ಸಿಕ್ಕಿರಲಿಲ್ಲ.

“ಆ ಚಳೀಲಿ ಈ ಕಾರು ಹೇಗೆ ಎದ್ದಿತು ಮೇಷ್ಟ್ರೇ?” ಸೈಮಿ ಸಕ್ಕರೆ ಕಲಕುತ್ತ ಕೇಳಿದಳು.

“ಎಂಜಿನ್ ಬಿಸಿ ಮಾಡೋ ವೈರನ್ನ ಪ್ಲಗ್ಗಿಗೆ ಚುಚ್ಚಿಟ್ಟಿದ್ದೆ. ಬೆಳಿಗ್ಗೆಯಿಂದ ಬೆಚ್ಚಗೇ ಇತ್ತು.”

“ಒಳ್ಳೇದಾಯ್ತು. ಇಲ್ಮಾರಿ ಬದುಕಿದ.”

“ಹೌದು,” ಎಂದ ಪೌಲಿ. “ಅವನು ಬದುಕಿದ.”

ಮನೆಗೆ ಮರಳುವಾಗ ಸೈಮಿ ಕಣ್ಣು ಮುಚ್ಚಿ ಕುಳಿತಿದ್ದಳು. “ತೌನೊ, ನಂಗೆ ಈ ಕೆಲಸ ಸಾಕಾಗಿದೆ,” ಅಂದಳು. “ಗೊತ್ತಾಗ್ದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ ಕೆಲವು ಸಲ.”

“ಹಾಗಾದ್ರೆ ಬಿಟ್ಟುಬಿಡು.”

“ಅರ್ವಿನ ಏನ್ ಮಾಡ್ಲಿ?”

ವಾಪ್ಪುವಿನ ಹಿಂದಿನ ದಿನ ಎಲ್ಲರೂ ಹಾಲುಮನೆಯಲ್ಲಿ ಸೇರಿದೆವು. ಲೆಹ್ತೊ ಅರ್ವಿಯನ್ನು ಕರೆತಂದಿದ್ದ. ಇಲ್ಮಾರಿ ಹಬ್ಬಕ್ಕೆಂದು ಕರಿದ ಮುಂಕ್ಕಿ ಎಂಬ ಸಿಹಿ ವಡೆಗಳ ತಟ್ಟೆ ತಂದು ವೋಲ್ವೊ ಮೇಲಿಟ್ಟ, ಯಾರೂ ತಿನ್ನಲಿಲ್ಲ. ಪೌಲಿ ಬಾಗಿಲ ಹತ್ತಿರ ನಿಂತ. ಸೈಮಿ ಹಳೆಯ ಹಾಲಿನ ಕ್ಯಾನೊಂದರ ಮೇಲೆ ಕುಳಿತು, ಮಂಡಿ ನೀವಿಕೊಳ್ಳುತ್ತ ಶುರುಮಾಡಿದಳು.

“ಈ ಗಾಡಿ ಲೆಂಪಿಗೆ ಗುದ್ದಿದ್ದು ನಿಜ. ಓಡಿಸ್ದೋನು ಅರ್ವಿ ಅಂತೀರಿ. ಅರ್ವಿ ಹತ್ರ ಇದರದ್ದೇ ಬ್ಯಾಟರಿ ಇದೆ, ದಪ್ಪ ಕೊಂಬಿನದು, ಈ ಬಳೆಗೆ ಸರಿಯಾಗಿ ಕೂರುತ್ತೆ. ಅದನ್ನ ಹಾಕಿದ್ರೆ ಕೀಲಿ ತಿರುಗ್ಸಿದ್ರೆ ಸಾಕು. ಆದ್ರೆ ಬಳೆ ಒಳಗೆ ತಗಡುಕಾಗದ ಮಡಚಿ ಇಟ್ಟಿದ್ದಾರೆ. ಯಾಕೆ? ಹಾಕಿದ ಬ್ಯಾಟರಿ ಕೊಂಬು ಸಣ್ಣ, ಸಡಿಲ ಆಗ್ತಿತ್ತು. ಅಂಥದ್ದು ಇಲ್ಲೇ ಗೂಡಲ್ಲಿದೆ, ಇಲ್ಮಾರಿ ಬೇಲಿದು. ಅದಕ್ಕೆ ಕಿಡಿ ಕೊಡೋಷ್ಟು ಶಕ್ತಿ ಇದೆ, ಎಂಜಿನ್ ತಿರುಗ್ಸೋಷ್ಟಿಲ್ಲ. ಅದಕ್ಕೇ ಮುಂದಿನಿಂದ ಹಿಡಿಕೆ ಹಾಕಿ ಕೈಯಲ್ಲಿ ತಿರುಗ್ಸಿದ್ದಾರೆ. ಗೀರು ಅಲ್ಲೇ ಇದೆ. ಮನೇಲಿ ಒಳ್ಳೇ ಬ್ಯಾಟರಿ ಇಟ್ಕೊಂಡಿರೋ ಅರ್ವಿ ಈ ಪಾಡು ಯಾಕೆ ಪಡ್ತಾನೆ?”

ಲೆಹ್ತೊ ತಲೆ ಕೆರೆದುಕೊಂಡ. “ಯಾವನೋ ಕಳ್ಳ ಇರ್ಬೋದಲ್ಲ?”

“ಕಳ್ಳ ಗಾಡಿನ ವಾಪಸ್ ತಂದು ಮಲಗಿಸ್ತಾನಾ? ಹೊಗೆಕೊಳವೆಗೆ ಬಿರಡೆ ಹಾಕಿ, ಕೈಬ್ರೇಕು ಬಿಟ್ಟು, ಅಡೆ ಕೊಟ್ಟು, ಕಿಟಕಿ ಬೆರಳಷ್ಟು ತೆಗೆದು? ಹಳೇ ಗಾಡಿನ ಚಳಿಗಾಲಕ್ಕೆ ಹೇಗೆ ಇಡ್ಬೇಕು ಅಂತ ಗೊತ್ತಿದ್ದೋರು ಮಾಡಿದ ಕೆಲಸ ಇದು. ಬೀಗದ ಕೈ ಇದ್ದೋರು. ಗಾಡಿ ಎಲ್ಲಿಗೆ ಹೋಗಿತ್ತು? ಲೆಂಪಿ ಬಿದ್ದ ಜಾಗ ಇಲ್ಲೇ ಹತ್ರ. ಟ್ಯಾಂಕ್ ಕತ್ತಿನವರೆಗೆ ತುಂಬಿತ್ತು ಅಂತ ಅರ್ವಿ ಹೇಳ್ದ. ನಾನು ಅಳತೆ ತೆಗೆದೆ. ಪಟ್ಟಣಕ್ಕೆ ಹೋಗಿ ಬರೋಷ್ಟು ಖರ್ಚಾಗಿದೆ.”

ಅವಳು ಇಲ್ಮಾರಿಯ ಕಡೆ ತಿರುಗಿದಳು. ಅವಳ ದನಿ ತಗ್ಗಿತು.

“ಆ ಸಂಜೆ ಇಲ್ಲಿಂದ ಪಟ್ಟಣಕ್ಕೆ ಹೋಗಲೇಬೇಕಾಗಿದ್ದು ನೀನೊಬ್ಬನೇ, ಇಲ್ಮಾರಿ. ಮೇಷ್ಟ್ರ ಕಾರಲ್ಲಿ ಹೋದೆ ಅಂದ್ಕೊಂಡಿದ್ದೀಯ. ಡೀಸೆಲ್ ಕಾರು ಅದು, ಆ ಚಳೀಲಿ ವೈರು ಚುಚ್ಚಿ ಬಿಸಿ ಮಾಡ್ದೆ ಏಳೋದಿಲ್ಲ. ಮಧ್ಯಾಹ್ನದಿಂದ ಕರೆಂಟೇ ಇರ್ಲಿಲ್ಲ. ತೌನೊನ ಆರ್ಗನ್ನೂ ಏಳ್ಲಿಲ್ಲ, ಮೇಷ್ಟ್ರ ಕಾರೂ ಎದ್ದಿರೋಲ್ಲ. ಬೆಳಿಗ್ಗೆಯಿಂದ ಬೆಚ್ಚಗಿತ್ತು ಅಂತ ಅವ್ರು ನಂಗೆ ಹೇಳಿದ್ದು ಸುಳ್ಳು.”

ಅವಳು ಹಿಂದಿನ ಸೀಟಿನ ಕೆಳಗಿನ ಗಂಟನ್ನು ತೆಗೆದು ಅವನ ಕೈಗೆ ಕೊಟ್ಟಳು. ಇಲ್ಮಾರಿ ಮೂಗಿನ ಹತ್ತಿರ ಒಯ್ದ.

“ಅಮ್ಮ,” ಅಂದ, ಮೆಲ್ಲಗೆ.

“ಇಲಿಗೆ ಇಟ್ಟಿದ್ದು,” ಎಂದ ಅರ್ವಿ, ಏನೂ ಅರ್ಥವಾಗದೆ. ಆಮೇಲೆ ಅವನಿಗೂ ಅರ್ಥವಾಯಿತು.

“ಮೇಷ್ಟ್ರ ಸ್ವಂತ ಗಾಡಿಗೆ ಚಕ್ರ ಇರ್ಲಿಲ್ಲ,” ಸೈಮಿ ಮುಂದುವರಿಸಿದಳು. “ಪೊಬೇಡಾ ಮಾತ್ರ ನೆಲದ ಮೇಲಿತ್ತು, ಕೀಲಿ ಅದರಲ್ಲೇ ಇತ್ತು, ಮಣ್ಣಲ್ಲಿ ಹುದುಗಿದ ಈ ಮನೇಲಿ ಎಂಜಿನ್ ಹೆಪ್ಪುಗಟ್ಟಿರ್ಲಿಲ್ಲ. ವೋಲ್ವೊಗೆ ಹಿಡಿಕೆ ಬೇಕಾಗಲ್ಲ, ಅದನ್ನ ತಿರುಗ್ಸಿ ಅವ್ರಿಗೆ ಅಭ್ಯಾಸ ಇಲ್ಲ. ಎಂಜಿನ್ ಒದ್ದಾಗ ಹಿಡಿಕೆ ವಾಪಸ್ ತಿರುಗಿ ಬಡಿಯುತ್ತೆ. ಹೆಬ್ಬೆರಳು ಒಳಗಿಟ್ಟು ಹಿಡ್ಕೊಂಡಿದ್ದೋರ ಮಣಿಕಟ್ಟು ಮುರಿಯುತ್ತೆ. ಲೆಂಪಿ ಪೆಟ್ಟಿಗೆ ಹೊರೋಕೆ ಅವ್ರಿಗೆ ಆಗ್ಲಿಲ್ಲ, ನೆನಪಿದ್ಯಾ?” ಅವಳು ಬಾಗಿಲ ಕಡೆ ತಿರುಗಿದಳು. “ನಂಗೆ ಗೊತ್ತಿಲ್ದೇ ಇರೋದು ದಾರೀದು ಮಾತ್ರ. ಅದನ್ನ ನೀವೇ ಹೇಳ್ಬೇಕು ಮೇಷ್ಟ್ರೇ.”

ಪೌಲಿ ಬಾಗಿಲಿಗೆ ಒರಗಿದ್ದ. ಅಲ್ಲಗಳೆಯಲಿಲ್ಲ. ಬಹಳ ದಿನ ಹೊತ್ತ ಭಾರವನ್ನು ಇಳಿಸಲು ಜಾಗ ಸಿಕ್ಕವನಂತೆ ಅವನ ಹೆಗಲು ಕುಸಿಯಿತು.

“ಒಂದೇ ಕೈಯಲ್ಲಿ ಓಡಿಸ್ತಿದ್ದೆ,” ಅಂದ. “ಹಿಂದೆ ಇವನು ಗೊರಗೊರ ಅಂತಿದ್ದ. ದೀಪ ಎಣ್ಣೆ ಬತ್ತಿ ಥರ ಇತ್ತು, ಆ ಬ್ಯಾಟರೀಲಿ ಇನ್ನೇನು ಉರಿಯುತ್ತೆ. ತಿರುವಲ್ಲಿ ಏನೋ ಬಡೀತು. ಹಿಮದ ದಿಬ್ಬ ಇರ್ಬೇಕು ಅಂದ್ಕೊಂಡೆ.” ಅವನು ತಡೆದ. “ಇಲ್ಲ. ಹಾಗೆ ಅಂದ್ಕೊಳ್ಳೋಕೆ ನೋಡಿದೆ. ಒಂದು ಕೈಗವಸು ಗಾಜಿನ ಮೇಲಿಂದ ಹಾರಿ ಹೋಗಿದ್ದು ಕಂಡಿತ್ತು. ನಿಲ್ಲಿಸಿದ್ರೆ ಎಂಜಿನ್ ಆರಿಹೋಗ್ತಿತ್ತು, ಮತ್ತೆ ತಿರುಗ್ಸೋಕೆ ನನ್ನ ಹತ್ರ ಕೈ ಇರ್ಲಿಲ್ಲ. ಇಬ್ಬರೂ ಹೋಗ್ತಾರೆ ಅನ್ನಿಸ್ತು. ಹೋದೆ.”

“ಆಮೇಲೆ?” ಲೆಹ್ತೊ ಕೇಳಿದ.

“ಪಟ್ಟಣ ಮುಟ್ಟೋ ಹೊತ್ತಿಗೆ ಎಂಜಿನ್ ಕಾದಿತ್ತು, ನಿಲ್ಲಿಸಿದ್ರೂ ಆರ್ಲಿಲ್ಲ. ಆರೋಗ್ಯ ಕೇಂದ್ರದ ಬಾಗಿಲಲ್ಲಿ ಇವನನ್ನ ಇಳಿಸಿ ನರ್ಸ್‌ನ ಕೂಗಿದೆ. ರಸ್ತೇಲಿ ಒಬ್ಬರು ಬಿದ್ದಿದ್ದಾರೆ ಅಂತ ಅಲ್ಲೇ ಹೇಳ್ಬೋದಿತ್ತು. ನಾಲಿಗೆ ಏಳ್ಲಿಲ್ಲ. ನಾನೇ ಬೇಗ ಹೋಗಿ ನೋಡ್ತೀನಿ ಅಂದ್ಕೊಂಡೆ. ವಾಪಸ್ ಬಂದಾಗ ಲೆಂಪಿ ಅಂತ ಗೊತ್ತಾಯ್ತು. ತಣ್ಣಗಾಗಿದ್ಲು. ಜಾರುಕುರ್ಚಿ ಎತ್ತಿ ನಿಲ್ಲಿಸ್ದೆ. ಶಾಲು ಹೊದ್ಸಿದೆ. ಇನ್ನೇನು ಮಾಡ್ಬೇಕು ಗೊತ್ತಾಗ್ಲಿಲ್ಲ. ಗಾಡಿ ತಂದು, ಒರೆಸಿ, ಮಲಗಿಸ್ದೆ. ಯಾಕೆ ಅಷ್ಟು ಜೋಪಾನ ಮಾಡ್ದೆ ಅಂತ ನಂಗೇ ತಿಳೀದು. ಒಂದಾದ್ರೂ ಸರಿಯಾಗಿ ಮಾಡೋಣ ಅಂತಿರ್ಬೋದು.”

ಇಲ್ಮಾರಿ ಗಂಟನ್ನು ಇನ್ನೂ ಹಿಡಿದೇ ನಿಂತಿದ್ದ. “ನಾವು ಹೋಗೋವಾಗ ಅವಳು ಬದುಕಿದ್ಲಾ ಮೇಷ್ಟ್ರೇ?”

“ಗೊತ್ತಿಲ್ಲ ಇಲ್ಮಾರಿ. ನಿಲ್ಲಿಸ್ಲಿಲ್ವಲ್ಲ.”

ನನಗೆ ಗೊತ್ತಿತ್ತು, ಸೈಮಿಗೂ ಗೊತ್ತಿತ್ತು. ಲೆಂಪಿಯನ್ನು ಕೊಂದದ್ದು ಗುದ್ದಿದ ಪೆಟ್ಟಿಗಿಂತ ಹೆಚ್ಚಾಗಿ ಚಳಿ ಎಂದು ವೈದ್ಯರು ಜನವರಿಯಲ್ಲೇ ಪೊಲೀಸರಿಗೆ ಹೇಳಿದ್ದರು. ಸೈಮಿ ಲೆಹ್ತೊನತ್ತ ಒಮ್ಮೆ ನೋಡಿದಳು. ಅವನು ತನ್ನ ಬೂಟುಗಳನ್ನು ನೋಡಿಕೊಂಡ. ಆ ಮಾತು ಅಂದು ಯಾರ ಬಾಯಿಂದಲೂ ಬರಲಿಲ್ಲ. ನ್ಯಾಯಾಲಯದಲ್ಲಿ ಬರುವುದಿತ್ತು, ಅಲ್ಲಿಯವರೆಗಾದರೂ ಇಲ್ಮಾರಿ ನಿದ್ದೆ ಮಾಡಲಿ ಎಂದು ನಾವೆಲ್ಲ ಒಪ್ಪಿಕೊಂಡಂತಾಯಿತು.

ಅರ್ವಿ ಪೌಲಿಯ ಎದುರಿಗೆ ಹೋಗಿ ನಿಂತ. ಹೊಡೆದೇಬಿಡುತ್ತಾನೆ ಎಂದುಕೊಂಡೆ.

“ನನ್ನ ಹಿಡ್ಕೊಂಡು ಹೋದಾಗ ನೀವು ಇಲ್ಲೇ ನಿಂತಿದ್ರಿ,” ಅಂದ. “ಹೊದಿಕೆ ಮಡಚೋಕೆ ಸಹಾಯ ಮಾಡಿದ್ರಿ.”

“ಹೌದು.”

“ನಾನು ಜೈಲಿಗೆ ಹೋಗಿದ್ರೆ?”

“ದಿನಾ ಬೆಳಿಗ್ಗೆ ಎದ್ದು ಠಾಣೆಗೆ ಹೋಗ್ಬೇಕು ಅಂತ ಬೂಟು ಹಾಕ್ಕೋತಿದ್ದೆ, ಅರ್ವಿ. ಬಾಗಿಲವರೆಗೆ ಬರ್ತಿದ್ದೆ. ಊರೆಲ್ಲ ನನ್ನ ದೇವರು ಅಂದಿತ್ತು. ಇವನ ಜೀವ ಉಳಿಸ್ದೆ ಅಂತ.”

ಅರ್ವಿ ದೀಪ ಒಡೆದ ಜಾಗವನ್ನು ಕೈಯಿಂದ ಒಮ್ಮೆ ಸವರಿ, ಹೊದಿಕೆ ಎಳೆದು ಕಾರನ್ನು ಮುಚ್ಚಿದ. ಲೆಹ್ತೊ ಪೌಲಿಗೆ ಕೋಳ ಹಾಕಲಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ ನಡೆದು, ಕರಗಿದ ಹಿಮದ ನೀರನ್ನು ದಾಟಿ ಕಾರು ಹತ್ತಿದರು.

ವಿಚಾರಣೆ ಶರತ್ಕಾಲದಲ್ಲಿ ನಡೆಯಿತು. ಇಲ್ಮಾರಿ ಸಾಕ್ಷಿಕಟ್ಟೆಯಲ್ಲಿ ನಿಂತು ವೈದ್ಯರ ಮಾತನ್ನೂ ಕೇಳಿದ. ಆಮೇಲೆ ಕೆಲವು ವಾರ ಮನೆಯಿಂದ ಹೊರಗೆ ಬರಲಿಲ್ಲ. ಪೌಲಿಗೆ ಶಿಕ್ಷೆಯಾಯಿತು. ಹೆಚ್ಚೆಂದು ಕೆಲವರು, ಕಡಿಮೆಯೆಂದು ಕೆಲವರು ಮಾತಾಡಿಕೊಂಡರು. ನಾನಂತೂ ಯಾವುದನ್ನೂ ಹೇಳಲಾರೆ. ನನ್ನ ಗುಂಪಿನಲ್ಲಿ ಎರಡು ದನಿಗಳು ಕಡಿಮೆಯಾದವು, ಅಷ್ಟು ಗೊತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ ಚರ್ಚಿನಿಂದ ಸೈಮಿಯನ್ನು ಮನೆಗೆ ಕರೆದೊಯ್ಯುತ್ತಿದ್ದಾಗ ಎದುರಿನಿಂದ ಪೊಬೇಡಾ ಬಂತು. ಎಲ್ಲಿಂದಲೋ ಹುಡುಕಿ ತಂದ ದೀಪವನ್ನು ಅರ್ವಿ ಕೂರಿಸಿದ್ದ. ಅವನ ಪಕ್ಕದಲ್ಲಿ ಇಲ್ಮಾರಿ ಕೋಟು ಟೈ ಹಾಕಿಕೊಂಡು ನೆಟ್ಟಗೆ ಕುಳಿತಿದ್ದ. ನಿಲ್ಲಿಸಿ ಎಲ್ಲಿಗೆಂದು ಕೇಳಿದೆ.

“ಜೈಲಿಗೆ,” ಎಂದ ಇಲ್ಮಾರಿ. “ಮೇಷ್ಟ್ರನ್ನ ನೋಡೋಕೆ. ಏನು ಮಾತಾಡ್ಬೇಕು ಗೊತ್ತಿಲ್ಲ. ಹೋಗ್ಲೇಬೇಕು ಅನ್ನಿಸ್ತು.”

ಸೈಮಿ ಕಿಟಕಿಯಿಂದ ಬಗ್ಗಿ ಅರ್ವಿಯನ್ನು ನೋಡಿದಳು. “ನೀನೂ ನೋಡ್ತೀಯಾ?”

“ನಾನ್ಯಾಕೆ ನೋಡ್ಲಿ,” ಎಂದ ಅರ್ವಿ. “ಹೊರಗೆ ಗಾಡೀಲಿ ಕೂತಿರ್ತೀನಿ.”

“ಅಷ್ಟು ದೂರ ಹೋಗಿ?”

“ಇವನ ಎದೆ ಸರಿಯಿಲ್ಲ. ಬಸ್ಸಲ್ಲಿ ಕಳಿಸೋಕಾಗುತ್ತಾ,” ಅಂದ ಅರ್ವಿ, ಸಿಡುಕಿನಿಂದ. ಗೇರು ಹಾಕಿ ಮೆಲ್ಲಗೆ ಮುಂದೆ ಹೋದ.